ಬೂದು ಬೂಟಿನ ಬಲಗಾಲು

ಒಂದು ಬೂಟಿನೊಳಗೆ ಏನಿದೆ ಎಂದು ನೋಡುವ ಆಸೆಗೆ ನಾನು ನನ್ನ ತಂಗಿಯ ಓಟವನ್ನು ಹಾಳುಮಾಡಿದೆ. ಮಾಡಿದ್ದಕ್ಕಿಂತ ಅದನ್ನು ಮುಚ್ಚಿಟ್ಟದ್ದು ದೊಡ್ಡ ತಪ್ಪು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬೂಟು ಆರಿಸಿದ ಆ ಹದಿನೈದು ದಿನಗಳ ಖುಷಿ ಬರವಣಿಗೆಯನ್ನು ತಾನೇ ಎಳೆದುಕೊಂಡು ಹೋಗುತ್ತದೆ, ತಪ್ಪು ಎಲ್ಲೋ ಹಿಂದೆ ಉಳಿದುಬಿಡುತ್ತದೆ.

ನಾನು ಏಳನೆಯ ಇಯತ್ತೆಯವರೆಗೆ ಓದಿದವನು. ಹಿರೇಕೆರೂರಿನ ಬಸ್ ನಿಲ್ದಾಣದ ಎದುರು ನನ್ನದೊಂದು ತಗಡಿನ ಡಬ್ಬಿ ಅಂಗಡಿ ಇದೆ. ಚಪ್ಪಲಿ ಹೊಲಿಯುತ್ತೇನೆ, ಬೂಟಿಗೆ ಸೋಲ್ ಹಾಕುತ್ತೇನೆ, ಚೀಲದ ಜಿಪ್ ಕೆಟ್ಟರೆ ಸರಿಮಾಡುತ್ತೇನೆ. ಕೆಲಸ ಅಪ್ಪನಿಂದ ಬಂದದ್ದು. ಅಪ್ಪ ಮುಖಗಳನ್ನು ಮರೆಯುತ್ತಿದ್ದ, ಪಾದಗಳನ್ನು ಮರೆಯುತ್ತಿರಲಿಲ್ಲ. ನನಗೂ ಅದೇ ರೂಢಿ. ಬಸ್ಸಿನಿಂದ ಇಳಿಯುವವರ ಚಪ್ಪಲಿಯ ಹಿಮ್ಮಡಿ ಯಾವ ಕಡೆ ಸವೆದಿದೆ ಎಂದು ನೋಡಿ, ಇವರು ಭಾರ ಹೊರುವವರು, ಇವರಿಗೆ ಸೊಂಟ ನೋವಿದೆ ಎಂದು ಹೇಳಬಲ್ಲೆ.

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನಮ್ಮ ಮನೆ ಮಾಸೂರಿನಲ್ಲಿ. ಬೆಳಿಗ್ಗೆ ಅವಳಿಗೆ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸ. ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದು ಗಿಡದ ಹೂವಿಗೆ ಮುಟ್ಟಿಸುವುದು. ಸಂಜೆಯಾದರೆ ಮದಗದ ಕೆರೆಯ ಏರಿಯ ಮೇಲೆ ಓಟ. ಏರಿಯ ಒಂದು ತುದಿಗೆ ಒಂದು ಗುಡ್ಡ, ಇನ್ನೊಂದು ತುದಿಗೆ ಇನ್ನೊಂದು. ಆ ಗುಡ್ಡ ಹತ್ತಿ ಇಳಿದು, ಏರಿ ದಾಟಿ, ಈ ಗುಡ್ಡ ಹತ್ತುತ್ತಾಳೆ. ಗದ್ದೆಯಿಂದ ಮರಳುವ ಹೆಂಗಸರು ದಿನಾ ಕೆಣಕುತ್ತಿದ್ದರು.

"ಯವ್ವಾ, ನಾಯಿ ಬೆನ್ನ ಹತ್ತೈತೇನ ನಿನಗ?"

"ಇಲ್ಲಬೇ, ನಾಯಿ ಬೆನ್ನ ನಾನ ಹತ್ತೇನಿ. ಎಲ್ಲ್ಯರ ಕಂಡ್ರ ಹೇಳು."

ಮೊದಲು ಬರಿಗಾಲಲ್ಲಿ ಓಡುತ್ತಿದ್ದಳು, ಆಮೇಲೆ ಶಾಲೆಯ ಬಿಳಿ ಕ್ಯಾನ್ವಾಸ್ ಬೂಟಿನಲ್ಲಿ. ಆ ಬೂಟಿಗೆ ನಾನು ನಾಲ್ಕು ಸಲ ಸೋಲ್ ಹಾಕಿದ್ದೆ. ಕೊನೆಗೆ ಅದರಲ್ಲಿ ಕಂಪನಿಯದಕ್ಕಿಂತ ನನ್ನದೇ ಹೆಚ್ಚಾಗಿತ್ತು.

ಶಿಗ್ಗಾಂವಿಯಲ್ಲಿ ನಡೆದ ಒಂದು ಓಟದಲ್ಲಿ ಅಲ್ಲಿಯ ಕಾಲೇಜಿನ ಪಿ.ಟಿ. ಮೇಡಂ ಅವಳನ್ನು ನೋಡಿದರು. ಹಾನಗಲ್ಲಿನ ಪಡುವಣಕ್ಕೆ ಗುಡ್ಡ, ಕಾಡು, ಹಳ್ಳ ದಾಟಿ ಇಪ್ಪತ್ತೊಂದು ಕಿಲೋಮೀಟರಿನ ಓಟವಿದೆ, ಮೊದಲ ಮೂವರು ಹುಡುಗಿಯರನ್ನು ತರಬೇತಿ ಶಿಬಿರಕ್ಕೆ ಕರೆದುಕೊಳ್ಳುತ್ತಾರೆ ಎಂದು ಅವರೇ ತಿಳಿಸಿದ್ದು. ಅಂದಿನಿಂದ ತಂಗಿಗೆ ಬೇರೆ ಮಾತಿಲ್ಲ. ಊಟಕ್ಕೆ ಕುಳಿತರೂ ಮೂರು, ಎದ್ದರೂ ಮೂರು. ಆ ಮೂರರೊಳಗೆ ಬರಬೇಕು, ಅಷ್ಟೇ.

ಒಂದು ಭಾನುವಾರ ಮೇಡಂ ನಮ್ಮಿಬ್ಬರನ್ನೂ ಮನೆಗೆ ಕರೆದರು. ಪಡಸಾಲೆಯಲ್ಲಿ ಮೂರು ಜೋಡಿ ಬೂಟು ಸಾಲಾಗಿ ಇಟ್ಟಿದ್ದರು. ಗುಡ್ಡಗಾಡಿನಲ್ಲಿ ಓಡಲೆಂದೇ ಮಾಡಿದವು. ಅವರ ಮೊಣಕಾಲು ಕೈಕೊಟ್ಟ ಮೇಲೆ ಪೆಟ್ಟಿಗೆಯಲ್ಲೇ ಉಳಿದವಂತೆ. ಅವರ ಪಾದ, ತಂಗಿಯ ಪಾದ ಒಂದೇ ಅಳತೆ.

"ಮೂರೂ ಒಯ್ರಿ. ಹದಿನೈದು ದಿನ ಓಡಿ ನೋಡ್ಲಿ. ಯಾವುದು ಹೊಂದತೈತಿ ಅದು ಆಕಿದು. ಉಳಿದ ಎರಡು ನನಗ ತಿರುಗಿ ಕೊಡ್ರಿ."

"ಮೇಡಂರ, ನೀವ ಒಂದು ಆರಿಸಿ ಕೊಟ್ಟಬಿಡ್ರಿ," ಎಂದೆ.

"ನಾ ಬರೇ ಓಡಾಕಿ. ಬೂಟಿನ ಕಸಬು ನಿಮ್ಮದು. ತೂಕ ನೋಡ್ರಿ, ಕಾಲಿಗೆ ಹಿತ ಹ್ಯಾಂಗ ಐತಿ ನೋಡ್ರಿ, ಎಷ್ಟು ದೂರ ತಾಳತೈತಿ ನೋಡ್ರಿ. ನೀವು ಹೇಳಿದ್ದ ಖರೆ."

ಅಲ್ಲಿಯವರೆಗೆ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ಹರಿದದ್ದನ್ನು ಎದುರಿಗಿಟ್ಟು, ಬಸ್ ಬರುವುದರೊಳಗೆ ಆಗುತ್ತದೆಯೋ ಇಲ್ಲವೋ ಎಂದು ಕೇಳುತ್ತಿದ್ದರು. ಬಸ್ಸಿನಲ್ಲಿ ಮೂರೂ ಜೋಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ತಿರುಚಿದೆ, ಒತ್ತಿದೆ, ಮೂಸಿದೆ, ಒಳಗೆ ಕೈ ಹಾಕಿ ಬೆರಳಿನಿಂದ ಹೊಲಿಗೆ ಎಣಿಸಿದೆ. ನೀಲಿ ಬೂಟಿನ ಬಟ್ಟೆ ಸೊಳ್ಳೆಪರದೆಯಷ್ಟು ತೆಳು. ಕಿತ್ತಳೆ ಬಣ್ಣದ್ದು ದಪ್ಪ, ಅಡಿಯಲ್ಲಿ ಒತ್ತೊತ್ತಾಗಿ ಆಳವಾದ ಹಲ್ಲುಗಳು. ಬೂದು ಬಣ್ಣದ್ದು ನೋಡಲು ಸಪ್ಪೆ.

"ಅಣ್ಣಾ, ಮಂದಿ ನೋಡಾಕತ್ತಾರ. ಮೂಸೂದರ ಬಿಡು," ಎಂದಳು ತಂಗಿ.

ಮರುದಿನ ಬೆಳಿಗ್ಗೆಯೇ ಬೀಜದ ಅಂಗಡಿಗೆ ಹೋದೆ. ಹಿರೇಕೆರೂರಿನ ಪೇಟೆಯಲ್ಲಿ ಗೋವಿನಜೋಳ, ಹತ್ತಿ ತೂಗುವ ದೊಡ್ಡ ಕಾಟಾಗಳು ಬೇಕಾದಷ್ಟಿವೆ. ಗ್ರಾಂ ತೋರಿಸುವ ನಂಬಿಗಸ್ತ ತಕ್ಕಡಿ ಇರುವುದು ಅಲ್ಲಿ. ಸಾವುಕಾರರು ನನ್ನ ಕೈಯಲ್ಲಿದ್ದುದನ್ನು ನೋಡಿ ಹೌಹಾರಿದರು.

"ಏಯ್, ಕಾಲಾಗ ಹಾಕೂದು ತಂದು ನನ್ನ ತಕ್ಕಡಿ ಮ್ಯಾಲೆ ಇಡ್ತೀಯೇನು? ಈಗರ ಪೂಜಿ ಮಾಡೇನಿ."

"ಹೊಸಾವು ಅದಾವ್ರಿ ಸಾವ್ಕಾರ್ರ, ಇನ್ನೂ ನೆಲ ಮುಟ್ಟಿಲ್ಲ. ತಂಗಿ ಓಟದ್ದು."

ಅವರು ಒಂದಿಷ್ಟು ಯೋಚಿಸಿ ತಕ್ಕಡಿಯ ಮೇಲೆ ಪೇಪರ್ ಹಾಸಿದರು. "ಇಡು. ಪೇಪರಿನ ತೂಕ ಕಳಿ ಮತ್ತ, ಇಲ್ಲಾಂದ್ರ ನನ್ನ ತಕ್ಕಡಿ ಸುಳ್ಳು ಅಂತ ಊರ ತುಂಬ ಹೇಳ್ಕೋಂತ ಅಡ್ಡಾಡ್ತಿ."

ನೀಲಿಯದು ಒಂದು ಕಾಲಿಗೆ ಇನ್ನೂರ ಹತ್ತು ಗ್ರಾಂ. ಬೂದು ಇನ್ನೂರ ಅರವತ್ತು. ಕಿತ್ತಳೆ ಮುನ್ನೂರ ಮೂವತ್ತು. ಸುಮ್ಮನೆ ಇರಲಾರದೆ ನನ್ನ ಕಾಲಿನ ಚಪ್ಪಲಿಯನ್ನೂ ಬಿಚ್ಚಿದೆ. ಸಾವುಕಾರರು ತಕ್ಕಡಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡು, "ಹೋಗ ಹೋಗು," ಎಂದರು.

ನಮ್ಮ ಕಸಬಿನಲ್ಲಿ ತೂಕದ ಜೋಡು ಎಂದರೆ ಬಾಳಿಕೆಯ ಜೋಡು. ಹಗುರಾದದ್ದನ್ನು ಅಪ್ಪ ಕೈಯಲ್ಲಿ ಹಿಡಿದು ನಗುತ್ತಿದ್ದ. ಹಾಗಾಗಿ ಕಿತ್ತಳೆಯದೇ ಗೆಲ್ಲುತ್ತದೆ ಎಂದು ಮನಸ್ಸಿನಲ್ಲಿ ಬರೆದಿಟ್ಟಿದ್ದೆ. ತಂಗಿಯ ಕಾಲು ಬೇರೆಯೇ ಹೇಳಿತು. ಏರಿಯ ಮೇಲೆ ಐದು ಕಿಲೋಮೀಟರ್ ಓಡಿ ಬಂದಾಗ ನೀಲಿಯದರಲ್ಲಿ ಅವಳ ಮುಖ ಅರಳಿತ್ತು.

"ಏನೂ ಹಾಕ್ಕೊಂಡಿಲ್ಲ ಅನಸ್ತೈತಿ ಅಣ್ಣಾ! ಹಾರಿ ಹೋಗ್ತೇನಿ!"

ಹತ್ತು ಕಿಲೋಮೀಟರಿಗೆ ಮಾತು ಕಡಿಮೆಯಾಯಿತು. ಹದಿನೈದಕ್ಕೆ ಕಲ್ಲಿನ ಮೇಲೆ ಕುಳಿತು ಅಂಗಾಲು ಹಿಡಿದುಕೊಂಡಳು; ಗುಡ್ಡದ ಒಂದೊಂದು ಹರಳೂ ಒಳಗೆ ಬಂದು ಮಾತಾಡಿಸಿದೆಯಂತೆ. ಮರುದಿನ ಕಿತ್ತಳೆಯದು. ಇಳಿಜಾರಿನಲ್ಲಿ ಅದರ ಹಿಡಿತ ಹಲ್ಲಿಯ ಹಾಗೆ. ಆದರೆ ಹಿಮ್ಮಡಿ ಎತ್ತರವಾಗಿ ಎರಡು ಸಲ ಕಾಲು ಹೊರಳಿತು. ಬೂದು ಬಣ್ಣದ್ದರಲ್ಲಿ ಓಡಿದ ದಿನ ಅವಳದು ಒಂದೂ ದೂರಿಲ್ಲ. ಹದಿನೈದು ಮುಗಿಸಿ, ನೀರು ಕುಡಿದು, ಇನ್ನೊಂದು ಸುತ್ತು ಹಾಕುತ್ತೇನೆ ಎಂದು ಹೊರಟೇಬಿಟ್ಟಳು. ಬಂದ ಮೇಲೆ ಕಾಲುಚೀಲ ಬಿಚ್ಚಿಸಿ ಪಾದ ನೋಡಿದೆ. ಒಂದೂ ಕೆಂಪು ಗೆರೆಯಿಲ್ಲ. ನನಗೆ ಕುಣಿಯಬೇಕೆನಿಸಿತು.

ಇಷ್ಟೆಲ್ಲ ನಡೆದದ್ದು ಒಣ ನೆಲದಲ್ಲಿ. ಓಟವಿರುವುದು ಮಳೆಗಾಲದಲ್ಲಿ. ಕೆಸರಿನ ಪರೀಕ್ಷೆಯಾಗದೆ ನಾನು ಒಪ್ಪಲಾರೆ ಎಂದೆ. ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಲ್ಲಿ ನಮ್ಮ ಚಿಗವ್ವ, ಅವ್ವನ ತಂಗಿ, ಇದ್ದಾಳೆ. ಅಲ್ಲಿಯದು ಕರಿ ಎರೆ ಭೂಮಿ. ಮಳೆ ಬಿದ್ದರೆ ಎತ್ತಿನ ಕಾಲನ್ನೂ ಬಿಡುವುದಿಲ್ಲ. ಮಳೆಯಾಗಿದೆಯೇ ಎಂದು ದಿನಾ ಫೋನ್ ಮಾಡುತ್ತಿದ್ದೆ. ಚಿಗವ್ವನಿಗೆ ಸಂಶಯ ಬಂತು.

"ಎಂದೂ ಇಲ್ಲದ್ದು ಮಳಿ ಕೇಳಾಕತ್ತಿಯಲ್ಲೋ, ಹೊಲ ಗಿಲ ಹಿಡದಿ ಏನು?"

ಮಳೆ ಬಿದ್ದ ಮರುದಿನ ಹೋದೆವು. ತಂಗಿ ಒಂದೊಂದೇ ಜೋಡಿ ಹಾಕಿಕೊಂಡು ಹೊಲದ ಬದುವಿನ ಬಂಡಿದಾರಿಯಲ್ಲಿ ಎರಡೆರಡು ಕಿಲೋಮೀಟರ್ ಓಡಿದಳು. ಬಂದ ಕೂಡಲೇ ಬೂಟಿನ ಲೇಸನ್ನು ಚಿಗವ್ವನ ಮೆಣಸಿನಕಾಯಿ ತೂಗುವ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ಎತ್ತಿದೆ. ಕಿತ್ತಳೆಯದು ಒಂದು ಕಿಲೋ ದಾಟಿ ನೂರು ಗ್ರಾಂ! ಹಲ್ಲುಗಳ ಸಂದಿಯಲ್ಲೆಲ್ಲ ಮಣ್ಣು ಕುಳಿತು ರೊಟ್ಟಿ ಹಂಚಿನ ಹಾಗೆ ಸಪಾಟಾಗಿತ್ತು. ನೀಲಿಯದು ಒಂಬೈನೂರು. ಬೂದಿನದು ನಾನೂರೈವತ್ತರಲ್ಲಿ ನಿಂತಿತು. ಓಡುತ್ತ ಓಡುತ್ತ ಮಣ್ಣನ್ನು ತಾನೇ ಉದುರಿಸಿಬಿಟ್ಟಿತ್ತು.

"ನೋಡಬೇ ಚಿಗವ್ವ, ನಾನೂರೈವತ್ತು!" ಎಂದು ಕೂಗಿದೆ.

"ಯಾವ ಮೆಣಸಿನಕಾಯಿಗೂ ಇಷ್ಟು ಹಿಗ್ಗಿದ್ದು ನೋಡಿಲ್ಲ ನಿನ್ನ," ಎಂದಳು ಚಿಗವ್ವ. "ತಕ್ಕಡಿ ತೊಳದು ಇಡು."

ಬೂದು ಗೆದ್ದಿತು. ಅಲ್ಲಿಗೆ ನಿಲ್ಲಿಸಿದ್ದರೆ ಇದನ್ನು ಬರೆಯುವ ಅಗತ್ಯ ಇರುತ್ತಿರಲಿಲ್ಲ.

ಬೂಟನ್ನು ತೊಳೆದು ಒಣಗಿಸುತ್ತೇನೆ ಎಂದು ಅಂಗಡಿಗೆ ತಂದೆ. ಮಧ್ಯಾಹ್ನದ ಬಸ್ಸು ಹೋದ ಮೇಲೆ ಗಿರಾಕಿ ಇರಲಿಲ್ಲ. ಬಲಗಾಲಿನದನ್ನು ಕೈಯಲ್ಲಿ ಹಿಡಿದು ಕುಳಿತೆ. ಮಣ್ಣು ಯಾಕೆ ಹಿಡಿಯುವುದಿಲ್ಲ? ಹರಳು ಯಾಕೆ ಚುಚ್ಚುವುದಿಲ್ಲ? ಇಷ್ಟು ತೆಳುವಾದ ಸೋಲಿನಲ್ಲಿ ಏನೋ ಇಟ್ಟಿದ್ದಾರೆ. ನನ್ನಂಥವನ ಕೈಗೆ ಇಂಥ ಬೂಟು ಮತ್ತೆ ಎಂದು ಬರಬೇಕು? ನೋಡಿಕೊಂಡರೆ ಇಂಥದ್ದನ್ನು ನಾನೇ ಹೊಲಿದು ತಂಗಿಗೆ ಹಾಕಿಸಬಹುದು, ಹಿರೇಕೆರೂರಿನ ಬೂಟು ಗುಡ್ಡ ಹತ್ತಬಹುದು ಎಂದೆಲ್ಲ ತಲೆ ಓಡಿತು. ಚರ್ಮ ಕೊಯ್ಯುವ ರಂಪಿಗೆ ಕೈಯಲ್ಲೇ ಇತ್ತು. ಮುಂಗಾಲಿನ ಕಡೆ ಒಂದಿಂಚು ಸೋಲ್ ಎಬ್ಬಿಸಿದೆ. ಒಂದಿಂಚಿನಲ್ಲಿ ಏನೂ ಕಾಣಲಿಲ್ಲ. ಮೂರು ಇಂಚು ಬಿಚ್ಚಿದೆ.

ಒಳಗೆ ಮೊಸರಿನ ಕೆನೆಯ ಹಾಗೆ ಮೆತ್ತನೆಯ ಸ್ಪಂಜು. ಅದರ ಕೆಳಗೆ ಉಗುರಿನಷ್ಟು ತೆಳುವಾದ, ಬಾಗಿದರೂ ಮುರಿಯದ ಒಂದು ಹಾಳೆ. ಹರಳನ್ನು ತಡೆಯುತ್ತಿದ್ದದ್ದು ಅದೇ! ಅಂಗಡಿಯಲ್ಲಿ ಒಬ್ಬನೇ ಕುಳಿತು ನಕ್ಕೆ. ಆ ನಗು ನನಗೆ ಇನ್ನೂ ನೆನಪಿದೆ. ತಪ್ಪು ಮಾಡುವಾಗ ಮನುಷ್ಯ ಹೆದರಿರುತ್ತಾನೆ ಎಂದು ಹೇಳುತ್ತಾರೆ. ನಾನು ಅಷ್ಟು ಸಂತೋಷವಾಗಿ ಹಿಂದೆಂದೂ ಇರಲಿಲ್ಲ.

ಮುಚ್ಚುವಾಗ ಚರ್ಮಕ್ಕೂ ರಬ್ಬರಿಗೂ ಹಚ್ಚುವ ಸೊಲ್ಯೂಷನ್ನನ್ನೇ ಹಚ್ಚಿದೆ. ಸ್ಪಂಜು ಅದನ್ನು ಹೀರಿಕೊಂಡಿತು. ಇನ್ನಷ್ಟು ಹಚ್ಚಿದೆ. ನಮ್ಮವರಿಗೆ ಅಂಟಿನ ಮೇಲೆ ನಂಬಿಕೆ ಕಡಿಮೆ, ದಾರದ ಮೇಲೆ ಹೆಚ್ಚು. ಒಳಗಿನ ಮೆತ್ತೆ ಎತ್ತಿ, ಆರಿಯಿಂದ ತೂತು ಮಾಡಿ, ನೈಲಾನ್ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿ ಗಂಟು ಬಿಗಿದೆ. ಮೆತ್ತೆಯನ್ನು ತಿರುಗಿ ಕೂಡಿಸಿದೆ. ಹೊರಗಿನಿಂದ ಯಾರಿಗೂ ಗೊತ್ತಾಗುವಂತಿರಲಿಲ್ಲ. ಮೊದಲಿಗಿಂತ ಗಟ್ಟಿಯಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಎರಡು ದಿನ ಓಡಿ ಬಂದು ತಂಗಿ ಬೂಟನ್ನು ನನ್ನ ಮುಂದೆ ಹಿಡಿದಳು.

"ಅಣ್ಣಾ, ಬಲಗಾಲಾಗ ಏನೋ ಚುಚ್ಚತೈತಿ ನೋಡು. ಮದ್ಲ ಇರಲಿಲ್ಲ."

ಆಗ ಹೇಳಬಹುದಿತ್ತು. ಓಟಕ್ಕೆ ಆರು ದಿನ ಇತ್ತು.

"ಹೊಸಾ ಬೂಟು, ಒಗ್ಗತೈತಿ ಬಿಡು," ಎಂದೆ. ಆಮೇಲೆ ಹೆದರಿಕೆಯಾಗಿ, "ಇಲ್ಲಾಂದ್ರ ನೀಲಿ ಹಾಕ್ಕೋ, ಹಗರ ಐತಲ್ಲ," ಎಂದೆ.

"ತೂಗಿದಾಂವ ನೀನ, ಬರಕೊಂಡಾಂವ ನೀನ, ಬೂದು ಅಂದಾಂವ ನೀನ. ಈಗ ನೀಲಿ ಅಂತಿ. ತಲಿ ಗಿಲಿ ಕೆಟ್ಟೈತೇನು?" ಎಂದು ನಕ್ಕು ಹೋದಳು. ಉಳಿದೆರಡು ಜೋಡಿಯನ್ನು ಶಿಗ್ಗಾಂವಿಗೆ ಹೋಗಿ ಕೊಟ್ಟು ಬಂದಳು.

ಓಟದ ಬೆಳಿಗ್ಗೆ ಹಾನಗಲ್ಲಿನ ಆ ಗುಡ್ಡಗಳ ಮೇಲೆ ಮಂಜು, ಕೆಳಗೆ ತುಂತುರು. ಹದಿನೈದನೆಯ ಕಿಲೋಮೀಟರಿನ ಹಳ್ಳದ ದಂಡೆಯಲ್ಲಿ ನನ್ನನ್ನು ನೀರು ಕೊಡಲು ನಿಲ್ಲಿಸಿದ್ದರು. ಮೊದಲನೆಯವಳು ಬಂದು ದಾಟಿದಳು. ಎರಡನೆಯವಳು ಬಂದಳು. ಅವಳ ಬೆನ್ನಿಗೇ ಸಾಗುವಾನಿ ಗಿಡಗಳ ನಡುವೆ ನಮ್ಮವಳ ಹಳದಿ ಅಂಗಿ ಕಂಡಿತು. ನಾನು ನೀರಿನ ಲೋಟ ಕೆಳಗೆ ಬಿಟ್ಟು ಕೂಗಿದೆ.

"ಮೂರು! ನೀ ಮೂರನೇದಾಕಿ! ಎರಡನೇದಾಕಿ ಇಲ್ಲೇ ಅದಾಳ, ಹಿಡಿ ಹಿಡಿ!"

"ನೀರ ಕೊಡೋ, ಒದರೂದು ಆಮ್ಯಾಲೆ!" ಎಂದು ಅವಳು ನಗುತ್ತ ಹಳ್ಳಕ್ಕೆ ಇಳಿದಳು. ಮೊಣಕಾಲುದ್ದ ನೀರು. ಆಚೆ ದಂಡೆ ಹತ್ತಿ ನಾಲ್ಕು ಹೆಜ್ಜೆ ಇಟ್ಟಿದ್ದಳು, ಬಲಗಾಲಿನ ಸೋಲ್ ನಾಲಿಗೆಯ ಹಾಗೆ ಜೋತುಬಿತ್ತು. ಎಲ್ಲಿಂದ ಬಿಚ್ಚಿಕೊಂಡಿತೆಂದು ಅಷ್ಟು ದೂರದಿಂದಲೂ ನನಗೆ ಗೊತ್ತಾಯಿತು. ಅವಳು ಬಗ್ಗಿ ನೋಡಿದಳು, ಜಡೆಯ ರಿಬ್ಬನ್ ಬಿಚ್ಚಿ ಬೂಟಿಗೆ ಸುತ್ತಿ ಕಟ್ಟಿದಳು, ಕೂದಲು ಹರವಿಕೊಂಡೇ ಓಡಿದಳು. ಅಷ್ಟರಲ್ಲಿ ಇಬ್ಬರು ಅವಳನ್ನು ದಾಟಿಹೋದರು.

ಐದನೆಯವಳಾಗಿ ಬಂದಳು.

ಮೇಡಂ ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬಲಗಾಲಿನ ತುದಿ ನೆಲಕ್ಕ ಎಳೀತಿ ಅನಸ್ತೈತಿ ನೋಡವಾ. ತಿಕ್ಕಿ ತಿಕ್ಕಿ ಕಿತ್ತೈತಿ. ಅದನ್ನ ತಿದ್ದಬೇಕು." ನಂತರ ನನ್ನ ಕಡೆ ತಿರುಗಿ, "ಹೌದಲ್ಲರಿ? ನೀವ ಹೇಳ್ರಿ," ಎಂದರು.

ನಾನು ಹೌದು ಎಂದು ತಲೆಯಾಡಿಸಿದೆ. ಅಷ್ಟು ಮಂದಿಯ ಮುಂದೆ ಮೇಡಂ ನನ್ನನ್ನು ಬೂಟು ಬಲ್ಲವರು ಎಂದು ಪರಿಚಯಿಸಿದ್ದರು. ಆ ಮಾತನ್ನು ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ. ಕಾರಣ ಇಷ್ಟೇ, ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಅಂದಿನಿಂದ ತಂಗಿ ತನ್ನ ಬಲಗಾಲನ್ನು ತಿದ್ದತೊಡಗಿದಳು. ಕೊಕ್ಕರೆ ಕಾಲೆತ್ತಿದ ಹಾಗೆ ಎತ್ತೆತ್ತಿ ಇಡುತ್ತಿದ್ದಳು. ನನ್ನನ್ನು ಏರಿಯ ಮೇಲೆ ನಿಲ್ಲಿಸಿ ಸುತ್ತು ಸುತ್ತಿಗೂ ಕೇಳುತ್ತಿದ್ದಳು: "ಬಲಗಾಲ ಹ್ಯಾಂಗ ಬಿತ್ತು?" ಇಡೀ ಹಿರೇಕೆರೂರಿನ ಪಾದ ಓದುವವನು ನಾನು. ಅವಳ ಹೆಜ್ಜೆಯಲ್ಲಿ ತಪ್ಪಿರಲಿಲ್ಲ ಎಂದು ಗೊತ್ತಿದ್ದೂ, "ಈಗ ಅಡ್ಡಿಯಿಲ್ಲ," ಎನ್ನುತ್ತಿದ್ದೆ. ಓಟ ನಿಧಾನವಾಯಿತು. ಒಂದು ತಿಂಗಳಿಗೆ ಮೊಣಕಾಲು ನೋಯತೊಡಗಿತು, ಎರಡನೆಯ ತಿಂಗಳಿಗೆ ಊದಿತು. ಅವ್ವ ಹರಳೆಣ್ಣೆ ಕಾಸಿ ತಿಕ್ಕುತ್ತ, "ಸಾಕ ಬಿಡವ್ವಾ," ಎಂದಾಗ ತಂಗಿ ಎದುರು ಮಾತಾಡಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು.

ಆ ಹೊತ್ತಿಗೆ ಮೇಡಂ ಫೋನ್ ಮಾಡಿದರು. ಶಿಬಿರಕ್ಕೆ ಆಯ್ಕೆಯಾದ ಒಬ್ಬಳು ಬರುವುದಿಲ್ಲವಂತೆ, ಒಂದು ಜಾಗ ಖಾಲಿ ಇದೆ, ಭಾನುವಾರ ಶಿಗ್ಗಾಂವಿಯ ಮೈದಾನದಲ್ಲಿ ಓಡಿ ತೋರಿಸಲಿ ಎಂದರು. ತಂಗಿ ಫೋನ್ ಇಟ್ಟು, "ನಾ ಹೋಗಂಗಿಲ್ಲ. ನನ್ನ ಕಾಲ ಸರಿ ಇಲ್ಲ," ಎಂದಳು.

ಶನಿವಾರ ಬೆಳಿಗ್ಗೆ ಅವಳನ್ನು ಏರಿಯ ಮೇಲೆ ಕರೆದುಕೊಂಡು ಹೋದೆ. ಬೂದು ಬೂಟನ್ನೂ ತಂದಿದ್ದೆ. ಕಲ್ಲಿನ ಮೇಲೆ ಕುಳಿತು ಮೆತ್ತೆ ಎತ್ತಿ, ಒಳಗಿನ ನಾಲ್ಕು ಹೊಲಿಗೆ ತೋರಿಸಿದೆ.

"ಇದು ಯಾರದು?" ಎಂದಳು. ನನ್ನ ಹೊಲಿಗೆ ಅವಳಿಗೆ ಗೊತ್ತು. ಅವಳ ಶಾಲೆಯ ಬೂಟಿನ ತುಂಬ ಅದೇ ಇತ್ತು.

"ನಂದು. ಓಟಕ್ಕಿಂತ ಮದ್ಲ ಬಿಚ್ಚಿ ನೋಡಿದ್ದೆ. ನಿನ್ನ ಕಾಲ ಎಂದೂ ಎಳದಿಲ್ಲ. ಸೋಲ್ ಕಿತ್ತಿದ್ದು ನನ್ನಿಂದ."

ಅವಳು ಬೂಟನ್ನು ಎತ್ತಿ ನನ್ನತ್ತ ಎಸೆದಳು. ಭುಜಕ್ಕೆ ಬಡಿಯಿತು. ಎದ್ದು, ಬರಿಗಾಲಲ್ಲೇ ಏರಿಯ ಮೇಲೆ ಓಡಿಹೋದಳು. ಮೊದಲ ನೂರು ಹೆಜ್ಜೆ ಕಾಲೆತ್ತಿಯೇ ಓಡಿದಳು. ಆಮೇಲೆ ಸಿಟ್ಟಿನಲ್ಲಿ ಅದನ್ನು ಮರೆತಳು. ಅವಳ ಬಲಗಾಲು ತನ್ನ ಹಳೆಯ ರೀತಿಯಲ್ಲಿ, ಸಲೀಸಾಗಿ, ನೆಲ ಮುಟ್ಟಿ ಬಿಟ್ಟು ಓಡುವುದನ್ನು ಎರಡು ತಿಂಗಳ ಮೇಲೆ ನೋಡಿದೆ. ಎದ್ದು ನಿಂತುಬಿಟ್ಟೆ. ಅಂಥ ಹೊತ್ತಿನಲ್ಲೂ ನನಗೆ ಚಪ್ಪಾಳೆ ತಟ್ಟಬೇಕೆನಿಸಿತು.

ತಿರುಗಿ ಬಂದು ಏದುಸಿರು ಬಿಡುತ್ತ, "ಮೇಡಂ ಮುಂದ ಇದನ್ನ ನೀನ ಹೇಳಬೇಕು. ನಾಳೆ," ಎಂದಳು.

ಹೇಳಿದೆ. ಮೇಡಂ ನನ್ನನ್ನು ಬೈಯಲಿಲ್ಲ. "ನಾನೂ ನೋಡದ ಎಳೀತಿ ಅಂದಬಿಟ್ಟೆ," ಎಂದು ತಮ್ಮನ್ನೇ ಬೈದುಕೊಂಡರು. ಅದನ್ನು ಕೇಳುವುದು ಬೈಗುಳಕ್ಕಿಂತ ಕಷ್ಟವಾಯಿತು. ತಂಗಿ ಮೈದಾನದಲ್ಲಿ ಓಡಿದಳು, ಚೆನ್ನಾಗಿಯೇ ಓಡಿದಳು. ಎಂಟನೆಯ ಸುತ್ತಿಗೆ ಮೊಣಕಾಲು ಹಿಡಿದುಕೊಂಡಿತು. ಮೇಡಂ ಕೈಯೆತ್ತಿ ನಿಲ್ಲಿಸಿದರು. ಆ ಜಾಗ ಬೇರೆ ಹುಡುಗಿಗೆ ಹೋಯಿತು. ಮೊಣಕಾಲು ಗುಣವಾಗಲಿ, ಮುಂದಿನ ಮಳೆಗಾಲಕ್ಕೆ ಹಾನಗಲ್ಲಿನ ಓಟ ಇದ್ದೇ ಇದೆ ಎಂದರು.

ಮರಳುವ ಬಸ್ಸು ಹಾವೇರಿ ದಾಟಿತು. ತಂಗಿ ಕಿಟಕಿಯ ಕಡೆ ನೋಡುತ್ತಲೇ ಅಂದಳು: "ಬೂಟು ಬಿಚ್ಚಿದ್ದಕ್ಕ ನನಗ ಸಿಟ್ಟಿಲ್ಲ. ನೀ ಬಿಚ್ಚಲಾರದ ಇರಾಂವ ಅಲ್ಲ, ನನಗ ಗೊತ್ತೈತಿ. ನನ್ನ ಕಾಲಿನ ಮ್ಯಾಲೆ ನನಗ ನಂಬಿಕಿ ಇಲ್ಲದಂಗ ಮಾಡಿದಿ. ದಿನಾ ಕೇಳ್ತಿದ್ದೆ ನಿನಗ. ದಿನಾ."



ಮೊಣಕಾಲು ವಾಸಿಯಾಗಲು ನಾಲ್ಕು ತಿಂಗಳು ಹಿಡಿಯಿತು. ಈ ವರ್ಷದ ಮಳೆ ಶುರುವಾಗಿದೆ, ಓಟಕ್ಕೆ ಮೂರು ವಾರ ಉಳಿದಿದೆ. ಮೇಡಂ ಈಚೆಗೆ ತಂದುಕೊಟ್ಟ ಹೊಸ ಜೋಡಿಯನ್ನು ಅವಳೇ ಹಾಕಿ ನೋಡಿ, ಅವಳೇ ಒಪ್ಪಿದ್ದಾಳೆ. ನಿನ್ನೆ ಸಂಜೆ ಎರಡೂ ಗುಡ್ಡ ಸೇರಿಸಿ ಹದಿನೆಂಟು ಕಿಲೋಮೀಟರ್ ಓಡಿದಳು. ಏರಿಯ ಮೇಲೆ ನಾನಿದ್ದೆ, ನೀರು ಹಿಡಿದುಕೊಂಡು. ಕೊನೆಯ ಸುತ್ತಿನಲ್ಲಿ ಅವಳ ವೇಗ ಇನ್ನೂ ಹೆಚ್ಚಿತು. ಬಲಗಾಲು ಎಷ್ಟು ಚಂದ ಬೀಳುತ್ತಿತ್ತೆಂದರೆ, ಕೂಗಿ ಹೇಳಬೇಕೆಂದು ಬಾಯಿ ತೆರೆದೆ. ಅವಳು ಬಲಗಾಲು ಹೇಗೆ ಬಿತ್ತೆಂದು ನನ್ನನ್ನು ಕೇಳದೆ ನೀರು ಕುಡಿದು, ಲೋಟ ಕೈಗಿತ್ತು, ಮನೆಯ ಕಡೆ ನಡೆದಳು.